ತಂಗಿಯ ದನಿಯಲ್ಲಿ ಓದಿದವಳು

ಔರಾದ ತಾಲೂಕಿನ ಆ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದಾಗ ನನ್ನೊಳಗೆ ಒಂದು ಸೊಕ್ಕಿತ್ತು. ಓದು ಬಾರದ ಮಗು ಅಂತ ಯಾವುದೂ ಇಲ್ಲ, ಹತ್ತಿರ ಕೂಡಿಸಿಕೊಂಡು ಹೇಳಿಕೊಡುವವರು ಇಲ್ಲ ಅಷ್ಟೇ ಅನ್ನುವ ಸೊಕ್ಕು. ಅದು ಮನೆಯಿಂದ ಬಂದದ್ದು. ಬೀದರಿನಲ್ಲಿ ನಮ್ಮದು ಚರ್ಚಿನ ಕಂಪೌಂಡಿಗೆ ಹತ್ತಿದ ಮನೆ. ಅವ್ವ ನರ್ಸು, ಅಪ್ಪ ಪ್ರೈಮರಿ ಸಾಲಿ ಮಾಸ್ತರು. ನಮ್ಮ ಅಜ್ಜ ಅಕ್ಷರ ಕಲಿತದ್ದು ಎರಡು ಮಕ್ಕಳ ತಂದೆಯಾದ ಮೇಲೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದು, ಚರ್ಚಿನ ಕಟ್ಟೆಯ ಮೇಲೆ ಕೂತು, ಬೈಬಲ್ಲಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಆತ ಓದು ಕಲಿತನಂತೆ. ನಾನು ಕಂಡ ಅಜ್ಜ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದ. ಅಷ್ಟು ವಯಸ್ಸಾದ ಮೇಲೆ ಆತನಿಗೆ ಬಂದದ್ದು ಹದಿಮೂರು ವರ್ಷದ ಮಕ್ಕಳಿಗೆ ಯಾಕೆ ಬರಲಿಕ್ಕಿಲ್ಲ ಅಂತ ನಾನು ತಿಳಿದಿದ್ದೆ.

ಸುತ್ತಲಿನ ಹಳ್ಳಿ ತಾಂಡಾಗಳಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳೆಲ್ಲ ಎಂಟನೇ ತರಗತಿಗೆ ನಮ್ಮಲ್ಲಿಗೇ ಬರಬೇಕು. ಆ ಜೂನಿನಲ್ಲಿ ಸಾಲಿ ಶುರುವಾದ ವಾರವೇ ಹೆಡ್‌ಮಾಸ್ತರು ನನ್ನನ್ನೂ ಗಣಿತದ ಮಾಸ್ತರನ್ನೂ ಕರೆದರು.

"ಹೊಸಾ ಮಕ್ಕಳನ್ನ ಜರಾ ನೋಡ್ರಿ ಇಬ್ಬರೂ. ಯಾರಿಗಿ ಓದಾಕ ಬರ್ತದ, ಯಾರಿಗಿ ಲೆಕ್ಕ ಬರ್ತದ, ಅಷ್ಟು ತಿಳೀಲಿ."

ಗಣಿತದ ಮಾಸ್ತರು ಭಾಲ್ಕಿ ತಾಲೂಕಿನ ಹಲಬರ್ಗಾದವರು. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೂ ಅಳಿಸಿರುತ್ತಿರಲಿಲ್ಲ. ಮಾತು ಕಡಿಮೆ, ಆಡಿದರೆ ಒರಟು. ಮಕ್ಕಳ ಮೇಲೆ ಕೈ ಮಾಡಿದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಿಲ್ಲ. ಅವರು ಹಲಗೆಯ ಮೇಲೆ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ ಬರೆದು ಎಲ್ಲರ ಕೈಲಿ ಮಾಡಿಸಿದರು. ಅರ್ಧಕ್ಕರ್ಧ ಮಕ್ಕಳು ಮೂವತ್ತೈದು ಅಂತ ಬರೆದಿದ್ದರು. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಗೊತ್ತಾದ ಕೂಡಲೇ ಏಳರಲ್ಲಿ ಎರಡು ಕಳೆದುಬಿಟ್ಟಿದ್ದರು.

"ನೋಡ್ರಿ ಮೇಡಂ, ತಪ್ಪು ಸೈತ ಎಲ್ಲರದೂ ಒಂದೇ," ಅಂದರು ಮಾಸ್ತರು. "ಬ್ಯಾರೆಬ್ಯಾರೆ ಊರಿನ ಮಕ್ಕಳು. ಎಲ್ಲರೂ ಕೂಡಿ ಮಾತಾಡ್ಕೊಂಡು ಬಂದಂಗ ಅದ."

ಓದಿಸುವ ಕೆಲಸ ನನ್ನದು. ಪಕ್ಕದ ಪ್ರೈಮರಿ ಸಾಲಿಯಿಂದ ಎರಡನೇ ತರಗತಿಯ ಪುಸ್ತಕವೊಂದನ್ನು ತಂದು, ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆಯುತ್ತಿದ್ದೆ. ಒಬ್ಬೊಬ್ಬರೇ ಬರಬೇಕು ಅಂದರೂ ಇಬ್ಬರು ಹುಡುಗಿಯರು ಒಟ್ಟಿಗೆ ಬಂದು ನಿಂತರು. ಅಕ್ಕ ತಂಗಿ. ಅಕ್ಕ ಎತ್ತರದವಳು, ಕ್ಲಾಸಿನ ಉಳಿದ ಹುಡುಗಿಯರಿಗಿಂತ ದೊಡ್ಡವಳಾಗಿ ಕಾಣುತ್ತಿದ್ದಳು. ತಂಗಿ ಸಣ್ಣ ಮೈಯವಳು, ಕಣ್ಣು ಚುರುಕು.

"ಇಬ್ಬರೂ ಒಂದೇ ಕ್ಲಾಸು ಹ್ಯಾಂಗ?" ಅಂತ ಕೇಳಿದೆ.

ತಂಗಿಯೇ ಹೇಳಿದಳು. "ನಾ ಸಣ್ಣಾಕಿ ಇದ್ದಾಗ ನನ್ನ ನೋಡ್ಕೊಳ್ಳಾಕ ಅಕ್ಕನ್ನ ಮನ್ಯಾಗ ಇಟ್ಕೊಂಡ್ರರಿ. ಆಮ್ಯಾಗ ನನ್ನ ಸಾಲಿಗಿ ಹಾಕೋ ಮುಂದ ಆಕಿನ್ನೂ ಕೂಡೇ ಹಾಕ್ಯಾರ್ರಿ."

ತಂಗಿ ಪುಸ್ತಕವನ್ನು ಗಟಗಟ ಓದಿ ಮುಗಿಸಿದಳು. ಆಮೇಲೆ ಅಕ್ಕ ಓದಿದಳು. ಅವಳೂ ಓದಿದಳು, ತಡವರಿಸಲಿಲ್ಲ. ಆದರೆ ತಂಗಿ ಎಲ್ಲೆಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅವಳೂ ಅಲ್ಲೇ ತೆಗೆದುಕೊಂಡಳು. ರಾಗ ಅದೇ, ತಂಗಿ ಮಾಡಿದ ಒಂದು ತಪ್ಪು ಕೂಡ ಹಾಗೇ ಬಂತು. ನೋಡಿದರೆ ಅವಳ ಬೆರಳು ಮೊದಲನೇ ಸಾಲಿನ ಮೇಲೇ ನಿಂತಿದೆ, ಬಾಯಿ ಮೂರನೇ ಸಾಲಿಗೆ ಹೋಗಿದೆ. ಪುಟ ತಿರುವಿ ಹೊಸ ಪಾಠ ತೋರಿಸಿದೆ. ಆಗ ತಂಗಿಯ ತುಟಿ ಮೆಲ್ಲಗೆ ಅಲುಗತೊಡಗಿದ್ದನ್ನು ಕಂಡೆ.

"ಹೋಗವ್ವ, ನನಗ ಒಂದು ಗ್ಲಾಸು ನೀರು ತೊಗೊಂಬಾ," ಅಂತ ತಂಗಿಯನ್ನು ಕಳಿಸಿದೆ.

ಅಕ್ಕನ ದನಿ ಅಲ್ಲಿಗೇ ನಿಂತಿತು. ಪುಸ್ತಕ ನೋಡುತ್ತ ನಿಂತಳು. ನಾನು ಕಾದೆ.

"ಗಂಟಲು ಹಿಡದದ್ರಿ ಟೀಚರ್," ಅಂದಳು ಕೊನೆಗೆ.

ತಂಗಿ ಅರ್ಧ ನೀರು ಚೆಲ್ಲಿಕೊಂಡು ಓಡುತ್ತ ಬಂದಳು. ಅವಳು ಬಂದು ಪಕ್ಕಕ್ಕೆ ನಿಂತ ಮೇಲೆ ಅಕ್ಕನ ಗಂಟಲು ಸರಿಹೋಯಿತು. ಇಬ್ಬರನ್ನೂ ಕಳಿಸಿ ತಂದ ನೀರನ್ನು ಕುಡಿದೆ. ಏಳು ವರ್ಷ ಆ ಹುಡುಗಿ ಸಾಲಿಯಲ್ಲಿ ಕೂತದ್ದು ಹೇಗೆ ಅಂತ ಆಗ ತಿಳಿಯಿತು.

ಓದು ಬಾರದ, ಲೆಕ್ಕ ಬಾರದ ಮಕ್ಕಳನ್ನು ಬೇರೆ ಮಾಡಿ, ದಿನದ ಕೊನೆಯ ಎರಡು ಪಿರಿಯಡ್ಡು ನಾವಿಬ್ಬರು ಹಂಚಿಕೊಂಡು ಕಲಿಸುವುದು ಅಂತ ಠರಾವಾಯಿತು. ಖಾಲಿ ಕೋಣೆ ಇರಲಿಲ್ಲ. ಬಿಸಿಯೂಟದ ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಅಕ್ಕಿ ಚೀಲ ಹಾಸಿಕೊಂಡು ಕೂತೆವು. ಉಳಿದ ಮಕ್ಕಳು ಅದಕ್ಕೆ 'ಸಣ್ಣ ಸಾಲಿ' ಅಂತ ಹೆಸರಿಟ್ಟರು. ಎಂಟನೇ ತರಗತಿಯ ಮಕ್ಕಳು ಒಂದನೇ ತರಗತಿಯ ಪಾಠಕ್ಕೆ ಹೋಗುತ್ತಾರೆ ಅಂತ ನಗುತ್ತಿದ್ದರು. ನಮ್ಮ ಮಕ್ಕಳು ಅಲ್ಲಿಗೆ ಬರುವಾಗ ಗೋಡೆಗೆ ಹತ್ತಿಕೊಂಡು, ತಲೆ ತಗ್ಗಿಸಿ ಬರುತ್ತಿದ್ದರು. ಅಕ್ಕ ಎಲ್ಲರಿಗಿಂತ ಎತ್ತರವಿದ್ದುದರಿಂದ ಬಗ್ಗಿ ನಡೆದರೂ ಕಾಣುತ್ತಿದ್ದಳು.

ಮೊದಲ ವಾರಗಳು ಹಾಳಾದವು. ಅ ಆ ಇ ಈ ಅಂದರೆ ಅವರಿಗೆ ಬಾಯಿಪಾಠ ಬರುತ್ತಿತ್ತು, ಹಾಡಿನ ಹಾಗೆ. ನಡುವಿನ ಒಂದು ಅಕ್ಷರ ತೋರಿಸಿದರೆ ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿಗೆ ಮುಟ್ಟಬೇಕು. ಪುಸ್ತಕದಲ್ಲಿ 'ಮನೆ' ಅಂತ ಇದ್ದರೆ ಅವರು ಆಡುವುದು 'ಮನಿ'. ಕೆಲವರ ಮನೆಯಲ್ಲಿ ಮರಾಠಿ, ತಾಂಡಾದವರ ಮನೆಯಲ್ಲಿ ಲಂಬಾಣಿ. ಅಕ್ಷರ ಕೂಡಿಸಿ ಕೂಡಿಸಿ ಒಂದು ಶಬ್ದ ಆದ ಮೇಲೂ ಅದು ಅವರು ಬಲ್ಲ ಶಬ್ದವಾಗಿರುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಹೋಗಿ ಮುಟ್ಟಿದರೆ ಅಲ್ಲಿ ಗುರುತಿನವರು ಯಾರೂ ಇಲ್ಲ ಅನ್ನುವಂಥ ಮುಖ ಮಾಡುತ್ತಿದ್ದರು.

ಒಂದು ದಿನ ಪುಸ್ತಕ ಮುಚ್ಚಿಟ್ಟು ಅಕ್ಕನನ್ನು ಕೇಳಿದೆ. "ಇವತ್ತು ಮುಂಜಾನಿಂದ ಏನೇನ್ ಮಾಡ್ದಿ, ಹೇಳು."

ಅವಳು ನಾಚಿಕೊಂಡಳು. ಮತ್ತೆ ಕೇಳಿದ ಮೇಲೆ ಹೇಳಿದಳು. "ನಸುಕಿನ್ಯಾಗ ಎದ್ದು ನೀರು ತಂದೆರಿ. ರೊಟ್ಟಿ ಬಡದೆ. ತಂಗಿ ಜಡಿ ಹಾಕ್ದೆ."

ಅವಳ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಹಲಗೆಯ ಮೇಲೆ ಬರೆದೆ. ತಿದ್ದಲಿಲ್ಲ.

"ಅದು ನಾ ಹೇಳಿದ್ದೇ ಏನ್ರಿ?" ಅಂದಳು.

"ಹೌದು, ನೀ ಹೇಳಿದ್ದೇ."

ಅವಳು ಎದ್ದು ಬಂದು ಹಲಗೆಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೊನೆಯ ಸಾಲಿನ ಮೊದಲ ಶಬ್ದಕ್ಕೆ ಬೆರಳಿಟ್ಟು, "ಇದು ತಂಗಿ," ಅಂದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ತಂಗಿ ಆ ಹೊತ್ತಿಗೆ ದೊಡ್ಡ ಕ್ಲಾಸಿನಲ್ಲಿ ವಿಜ್ಞಾನದ ಪಾಠ ಕೇಳುತ್ತಿದ್ದಳು. ಅಕ್ಕ ಒಬ್ಬಳೇ ಓದಿದ ಮೊದಲ ಶಬ್ದ ಅದು. ನಾನು ಮುಖ ತಿರುಗಿಸಿ ಸೀಮೆಸುಣ್ಣ ಹುಡುಕುವವಳ ಹಾಗೆ ನಿಂತೆ.

ಮಾಸ್ತರು ತಮ್ಮ ಪಾಲಿನ ಪಿರಿಯಡ್ಡಿನಲ್ಲಿ ಜೋಳದ ದಂಟನ್ನು ಸಣ್ಣಸಣ್ಣ ತುಂಡು ಮಾಡಿ, ಹತ್ತತ್ತರ ಕಟ್ಟು ಕಟ್ಟಿ ತರುತ್ತಿದ್ದರು. "ಎರಡರಾಗ ಏಳು ಹೋಗಲ್ಲ. ಹಂಗಾದ್ರ ಏನ್ ಮಾಡ್ತೀ? ಕಟ್ಟು ಬಿಚ್ಚು." ಅಕ್ಕ ಕಟ್ಟು ಬಿಚ್ಚುತ್ತಿದ್ದಳು. ದಂಟು ಕೈಯಲ್ಲಿದ್ದಾಗ ಲೆಕ್ಕ ಸರಿ ಬರುತ್ತಿತ್ತು. ಪಾಟಿಯ ಮೇಲೆ ಬರೆದುಕೊಟ್ಟರೆ ಮತ್ತೆ ಮೂವತ್ತೈದೇ. ದಂಟಿನಿಂದ ಪಾಟಿಗೆ ಬರಲು ಮಳೆಗಾಲವೆಲ್ಲ ಹಿಡಿಯಿತು. ಅಂತೂ ಬಂತು.

ತಂಗಿಗೆ ಇದು ಹಿಡಿಸಲಿಲ್ಲ. ಒಂದು ದಿನ ಸಾಲಿ ಬಿಟ್ಟ ಮೇಲೆ ನನ್ನ ಹಿಂದೆಯೇ ಬಸ್‌ಸ್ಟಾಪಿನವರೆಗೂ ಬಂದಳು.

"ಟೀಚರ್, ಅಕ್ಕಗ ಯಾಕ ತ್ರಾಸ ಕೊಡ್ತೀರಿ? ಆಕಿದು ನಾ ಓದ್ತೇನಲ್ರಿ."

"ನೀ ಯಾವಾಗ್ಲೂ ಆಕಿ ಬಾಜೂಕೇ ಇರ್ತೀ ಏನು?"

"ಇರ್ತೇನ್ರಿ," ಅಂದಳು. ಆಮೇಲೆ, "ನನ್ನ ಕೆಲಸೆಲ್ಲ ಆಕೀನೇ ಮಾಡ್ತಾಳ್ರಿ. ನನ್ನ ಅರಿಬಿ ಒಗೀತಾಳ. ನನ್ನ ಪಾಳಿ ನೀರೂ ಆಕೀನೇ ತರ್ತಾಳ. ಅದಕ್ಕ ಆಕಿ ಓದೋದು ನಾ ಓದ್ತೇನಿ," ಅಂದಳು.

ಅವಳ ಕಣ್ಣಲ್ಲಿ ನೀರಿತ್ತು. ಅಕ್ಕನಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಅದೊಂದೇ ಅಂತ ನನಗೆ ಆಗ ಹೊಳೆಯಿತು. ಅವಳ ತಲೆ ನೇವರಿಸಿ ಬಸ್ಸು ಹತ್ತಿದೆ.

ದೀಪಾವಳಿ ರಜೆ ಮುಗಿದ ಮೇಲೆ ಹೆಡ್‌ಮಾಸ್ತರು ಮೀಟಿಂಗು ಕರೆದರು. ಹತ್ತನೇ ತರಗತಿಯ ರಿಸಲ್ಟು ಹಿಂದಿನ ವರ್ಷ ಕೆಳಗೆ ಹೋಗಿತ್ತು. ಈ ಸಲ ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಹತ್ತನೆಯವರಿಗೆ ಹೆಚ್ಚಿನ ಕ್ಲಾಸು, ಎಲ್ಲ ಮಾಸ್ತರರೂ ಅಲ್ಲೇ. ಕೊನೆಯ ಎರಡು ಪಿರಿಯಡ್ಡೂ ಅವರಿಗೇ.

"ಸಣ್ಣ ಸಾಲಿದು?" ಅಂದೆ ನಾನು. ಆ ಹೆಸರು ನನ್ನ ಬಾಯಿಗೂ ಬಂದುಬಿಟ್ಟಿತ್ತು.

"ಈಗ ಬ್ಯಾಡ ಬಿಡ್ರಿ."

ಮಾಸ್ತರು ಬಿಡಲಿಲ್ಲ. "ಎರಡು ವರ್ಷಕ್ಕ ಹತ್ತನೇಕ್ಕ ಬಂದು ಕುಂಡ್ರೋರು ಇವರೇ ಅಲ್ರಿ ಸರ್?"

"ಬಂದಾಗ ನೋಡೂಣು," ಅಂದರು ಹೆಡ್‌ಮಾಸ್ತರು. ಅವರು ಕೆಟ್ಟ ಮನುಷ್ಯರಲ್ಲ. ದನಿ ಇಳಿಸಿ ಹೇಳಿದರು. "ನನಗ ಜವಾಬು ಕೇಳೋರು ಹತ್ತನೇದ್ದೇ ಕೇಳ್ತಾರ್ರಿ. ಎಂಟನೇ ಮಕ್ಕಳಿಗಿ ಓದಾಕ ಬರ್ತದೇನು ಅಂತ ಇಷ್ಟು ವರ್ಷದಾಗ ಯಾರೂ ಕೇಳಿಲ್ಲ. ನೀವೇ ಮೊದಲ."

ಹೊರಗೆ ಬಂದ ಮೇಲೆ ಮಾಸ್ತರು ಮೋಟರ್‌ಸೈಕಲ್ಲಿಗೆ ಕಿಕ್ ಹೊಡೆಯುತ್ತ ನಿಂತರು. ಗಾಡಿ ಚಾಲೂ ಆಗಲಿಲ್ಲ. "ಹ್ಯಾಂಗಿದ್ರೂ ಇದು ಆಗೋ ಕೆಲಸಲ್ಲ ಬಿಡ್ರಿ ಮೇಡಂ," ಅಂದರು. "ಏಳು ವರ್ಷ ಆಗಲಾರದ್ದು ನಾಕು ತಿಂಗಳಾಗ ಆಗ್ತದ ಅಂತ ನಾವೇ ಹುಚ್ಚರಂಗ ಕುಂತಿದ್ದಿವಿ."

ಅಷ್ಟಂದರೂ ಮರುದಿನ ಊಟದ ಬಿಡುವಿನಲ್ಲಿ ಜೋಳದ ದಂಟಿನ ಕಟ್ಟು ಹಿಡಿದು ಅವರೇ ನನಗಿಂತ ಮೊದಲು ಪಡಸಾಲೆಗೆ ಬಂದಿದ್ದರು. ಮಕ್ಕಳು ತಟ್ಟೆ ತೊಳೆದು ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆಟದ ಹೊತ್ತು ಬಿಟ್ಟು ಪಾಠಕ್ಕೆ ಬಾ ಅಂದರೆ ಯಾರು ಬರುತ್ತಾರೆ? ಒಬ್ಬೊಬ್ಬರೇ ಬಿಡುತ್ತ ಹೋದರು. ಅಕ್ಕ ಮಾತ್ರ ಬರುತ್ತಿದ್ದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚೀಲದ ಮೇಲೆ ಕೂತು, ಎರಡನೇ ತರಗತಿಯ ಪುಸ್ತಕದ ಸಾಲುಗಳನ್ನು ಒಂದೊಂದೇ ಓದುತ್ತಿದ್ದಳು. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು.

ತೊಗರಿ ಕೊಯ್ದು ರಾಶಿ ಮಾಡುವ ಸುಗ್ಗಿ ಶುರುವಾದಾಗ ಅವಳೂ ಬರುವುದನ್ನು ನಿಲ್ಲಿಸಿದಳು. ತಂಗಿಯನ್ನು ಕೇಳಿದರೆ, "ಅವ್ವನ ಕೂಡ ಹೊಲಕ್ಕ ಹೋಗ್ಯಾಳ್ರಿ," ಅಂದಳು. ವಾರ ಎರಡು ವಾರ ಕಾದು ಒಂದು ಶನಿವಾರ ತಂಗಿಯ ಜೊತೆ ಅವರ ಊರಿಗೆ ನಡೆದುಕೊಂಡು ಹೋದೆ. ತಂದೆ ಬೀದರಿನ ಗಾಂಧಿ ಗಂಜದ ಕಾಳಿನ ಮಾರುಕಟ್ಟೆಯಲ್ಲಿ ಹಮಾಲಿ, ಊರಿಗೆ ಬರುವುದು ರಜೆಯ ದಿನ ಮಾತ್ರ. ತಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಅಕ್ಕ ನನ್ನನ್ನು ನೋಡಿ ಒಳಗೆ ಓಡಿದವಳು ಚಹಾ ಮಾಡಿಕೊಂಡೇ ಹೊರಗೆ ಬಂದಳು.

"ಆಕಿಗಿ ಓದು ಬರ್ಲಿಕತ್ತಿತ್ತು," ಅಂದೆ ತಾಯಿಗೆ. "ಇನ್ನೊಂದಿಷ್ಟು ದಿನ ಬಿಡದಂಗ ಕಳಸ್ರಿ."

"ಸಣ್ಣಾಕಿ ಓದ್ತಾಳಲ್ರಿ ಟೀಚರ್," ಅಂದಳು ತಾಯಿ. ಸಿಟ್ಟಿನಿಂದಲ್ಲ, ನನಗೆ ತಿಳಿಯದ್ದನ್ನು ತಿಳಿಸಿ ಹೇಳುವವರ ಹಾಗೆ. "ಇಬ್ಬರೂ ಸಾಲಿಗಿ ಹೋದ್ರ ನಾ ಒಬ್ಬಾಕೀನೇ ಏನೇನ್ ಮಾಡ್ಲಿರಿ? ರಾಶಿ ಮುಗೀಲಿ, ಕಳಸ್ತೇನಿ."

ಮಾತು ತಪ್ಪಲಿಲ್ಲ, ರಾಶಿ ಮುಗಿದ ಮೇಲೆ ಕಳಿಸಿದಳು. ಆದರೆ ಬಂದವಳು ಒತ್ತಕ್ಷರ ಮರೆತಿದ್ದಳು. ಕಟ್ಟು ಬಿಚ್ಚುವ ಲೆಕ್ಕವೂ ಮರೆತಿತ್ತು. ಮೊದಲಿನಿಂದ ಶುರು ಮಾಡಿದೆವು. ಮೊದಲಿನ ಉಮೇದು ಅವಳಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಕೂತರು. ಕನ್ನಡದ ಪೇಪರಿನಲ್ಲಿ ಅಕ್ಕ ತನ್ನ ಹೆಸರು ಬರೆದು, ಕೆಳಗೆ ಪ್ರಶ್ನೆಗಳನ್ನೇ ಗುಂಡಗಿನ ಅಕ್ಷರದಲ್ಲಿ ನಕಲು ಮಾಡಿದ್ದಳು. ಒಂದು ಪ್ರಶ್ನೆಗೆ ಮಾತ್ರ ಉತ್ತರವಿತ್ತು. ನಿಮ್ಮ ಊರಿನ ಬಗ್ಗೆ ಬರೆಯಿರಿ ಅಂತ ಕೇಳಿದ್ದಕ್ಕೆ, 'ನಮ್ಮ ಊರಾಗ ನೀರ ದೂರ ಅದ' ಅಂತ ಬರೆದಿದ್ದಳು. ನಾನು ಆ ಸಾಲಿಗೆ ಪೂರ್ತಿ ಅಂಕ ಕೊಟ್ಟೆ. ಕೊಟ್ಟರೂ ಕೊಡದಿದ್ದರೂ ಅವಳು ಒಂಬತ್ತನೆಯದಕ್ಕೆ ಹೋಗುವವಳೇ ಇದ್ದಳು. ಎಂಟನೆಯದರವರೆಗೆ ಯಾರನ್ನೂ ಫೇಲು ಮಾಡುವಂತಿರಲಿಲ್ಲ, ಎಲ್ಲರೂ ಹೋದರು.

"ಪಾಸಾದೆರಿ ಟೀಚರ್," ಅಂತ ಪೇಢೆ ತಂದುಕೊಟ್ಟಳು. ತಿಂದೆ.

ಆ ಬೇಸಿಗೆ ರಜೆಯಲ್ಲಿ, ಒಂದು ಭಾನುವಾರ ಚರ್ಚು ಮುಗಿಸಿ ಮನೆಗೆ ಬಂದರೆ ಗೇಟಿನ ಹತ್ತಿರ ಒಬ್ಬ ಗಂಡಸು ನಿಂತಿದ್ದ. ಹೆಗಲ ಮೇಲೆ ಟವೆಲು, ಕೂದಲಲ್ಲಿ ಕಾಳಿನ ಧೂಳು. ಆ ಹುಡುಗಿಯರ ತಂದೆ. ಒಳಗೆ ಕರೆದರೂ ಕುರ್ಚಿಯ ಮೇಲೆ ಕೂಡಲಿಲ್ಲ, ಕಟ್ಟೆಯ ಮೇಲೇ ಕೂತ. ಅವ್ವ ಚಹಾ ತಂದುಕೊಟ್ಟಳು.

"ಒಂದು ಸಲಹಾ ಕೇಳಾಕ ಬಂದೇನ್ರಿ," ಅಂದ. "ನನ್ನ ಒಡಹುಟ್ಟಿದ ಅಕ್ಕ ಭಾಲ್ಕ್ಯಾಗ ಇರ್ತಾಳ್ರಿ. ಆಕಿಗಿ ಮಕ್ಕಳಿಲ್ಲ. ಒಬ್ಬಾಕಿನ್ನ ಕಳಸು, ಅಲ್ಲೇ ಚಲೋ ಸಾಲಿಗಿ ಹಾಕಿ ಓದಸ್ತೇನಿ ಅಂತಾಳ. ಯಾರ್ನ ಕಳಸ್ಲಿರಿ?"

"ಇಬ್ಬರನ್ನೂ ಕಳಸ್ರಿ," ಅಂದೆ. "ಅವರನ್ನ ಅಗಲಸಬ್ಯಾಡ್ರಿ."

"ಆಗಲ್ರಿ. ಒಂದೇ ಖೋಲಿ ಅದ. ಒಬ್ಬಾಕಿಗೇ ಆಗ್ತದ."

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಆ ಹುಡುಗಿಯರ ಬಗ್ಗೆ ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೆ.

"ದೊಡ್ಡಾಕಿನ್ನ ಕಳಸಪ್ಪಾ," ಅಂದಳು ಅವ್ವ. "ಸಣ್ಣಾಕಿ ಎಲ್ಲಿದ್ರೂ ಓದ್ತಾಳ. ದೊಡ್ಡಾಕಿ ಹೊಲಾ ಮನಿ ಬಿಟ್ಟು ದೂರ ಹೋದ್ರ ಮಾತ್ರ ಓದ್ತಾಳ."

ಅವನು ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನಕ್ಕುಬಿಟ್ಟ. ತಮಾಷೆ ಮಾಡಿದರು ಅಂತ ತಿಳಿದಿರಬೇಕು.

"ಓದಾಕ ಬರಲಾರದಾಕಿನ್ನ ಓದಸಾಕ ಕಳಸೋದೇನ್ರಿ, ಅವ್ವಾ?"

ಅವ್ವ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದಳು. ನಾನೂ ಹೇಳಿದೆ. ಅವನು ಮರ್ಯಾದೆಯಿಂದ ಎಲ್ಲಕ್ಕೂ "ಹೌದ್ರಿ, ಹೌದ್ರಿ" ಅಂದ. ಚಹಾದ ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ. ಜೂನಿನಲ್ಲಿ ತಂಗಿ ಭಾಲ್ಕಿಗೆ ಹೋದಳು.

ಅಕ್ಕ ಒಂಬತ್ತನೇ ತರಗತಿಗೆ ಒಬ್ಬಳೇ ಬಂದಳು. ಎಂಟನೆಯದಕ್ಕೆ ಮತ್ತೆ ಹೊಸ ಮಕ್ಕಳು ಬಂದಿದ್ದರು, ಮತ್ತೆ ಅದೇ ಪುಸ್ತಕ, ಅದೇ ಲೆಕ್ಕ, ಅದೇ ಮೂವತ್ತೈದು. ಹೆಡ್‌ಮಾಸ್ತರನ್ನು ಕೇಳಿಕೊಂಡು ಅಕ್ಕನನ್ನೂ ಆ ಮಕ್ಕಳ ಜೊತೆ ಪಡಸಾಲೆಯಲ್ಲಿ ಕೂಡಿಸಿದೆ. ತನಗಿಂತ ಅಷ್ಟು ಸಣ್ಣವರ ನಡುವೆ ಅವಳು ಮಂಡಿ ಮಡಚಿಕೊಂಡು, ಇರುವುದಕ್ಕಿಂತ ಗಿಡ್ಡ ಕಾಣುವ ಹಾಗೆ ಕೂಡುತ್ತಿದ್ದಳು. ಕೆಲವು ದಿನ ಬಂದಳು. "ಒಂಬತ್ತನೇ ಅಕ್ಕ ಸಣ್ಣ ಸಾಲ್ಯಾಗ" ಅಂತ ಹುಡುಗರು ಕೂಗತೊಡಗಿದ ಮೇಲೆ ಬರಲಿಲ್ಲ. ನಾನು ಹುಡುಗರನ್ನು ಬೈದೆ. ಬೈದದ್ದರಿಂದ ಕೂಗು ಸಣ್ಣದಾಯಿತು, ನಿಲ್ಲಲಿಲ್ಲ.

ಆಮೇಲಿನದನ್ನು ಹೇಳಿದವರು ಗಣಿತದ ಮಾಸ್ತರು. ಸಮಾಜ ಪಾಠಕ್ಕೆ ಹೊಸದಾಗಿ ಬಂದಿದ್ದ ಅತಿಥಿ ಶಿಕ್ಷಕ, ಏನೂ ಗೊತ್ತಿಲ್ಲದ ಹುಡುಗ, ಸಾಲಾಗಿ ಒಬ್ಬೊಬ್ಬರಿಂದ ಪಾಠ ಓದಿಸುತ್ತಿದ್ದ. ಅಕ್ಕನ ಪಾಳಿ ಬಂತು. ಎದ್ದು ನಿಂತಳು. ಪುಸ್ತಕ ಎತ್ತಿ ಹಿಡಿದಳು. ಪಕ್ಕಕ್ಕೆ ತಿರುಗಿದಳು. ತಂಗಿ ಕೂಡುತ್ತಿದ್ದ ಜಾಗದಲ್ಲಿ ಬೇರೊಬ್ಬ ಹುಡುಗಿ ಇದ್ದಳು, ಅವಳು ಬಾಯಿ ಮುಚ್ಚಿ ನಗುತ್ತಿದ್ದಳು. ಅಕ್ಕ ಮೊದಲನೇ ಶಬ್ದದ ಮೊದಲನೇ ಅಕ್ಷರ ಅಂದಳಂತೆ. ಮತ್ತೆ ಅದನ್ನೇ ಅಂದಳಂತೆ. ಕ್ಲಾಸೆಲ್ಲ ನಕ್ಕಿತು. ಆ ಶಿಕ್ಷಕ, "ಇರ್ಲಿ, ಕುಂಡ್ರು, ಮುಂದಿನಾಕಿ ಓದು," ಅಂದ. ಅವನದೇನೂ ತಪ್ಪಿಲ್ಲ.

ಮರುದಿನದಿಂದ ಅವಳು ಸಾಲಿಗೆ ಬರಲಿಲ್ಲ.

ನಾನು ಹುಡುಕಿಕೊಂಡು ಹೋದಾಗ ಸೋಯಾ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬದುವಿನ ಮೇಲೆ ನಿಂತು ಕರೆದೆ. ಕೈಯಲ್ಲಿದ್ದ ಹುಲ್ಲನ್ನು ಬಿಸಾಕಿ ಬಂದಳು. ತಲೆಗೆ ಟವೆಲು ಸುತ್ತಿಕೊಂಡಿದ್ದಳು. ಸಾಲಿಯ ಪಡಸಾಲೆಯಲ್ಲಿ ಬಗ್ಗಿ ಕೂಡುತ್ತಿದ್ದ ಹುಡುಗಿ ಇಲ್ಲಿ ನೆಟ್ಟಗೆ ನಿಂತಿದ್ದಳು.

"ಸಿಟ್ಟಿಗಿ ಬರಬ್ಯಾಡ್ರಿ ಟೀಚರ್. ನಾ ಬರಲ್ರಿ."

"ಬ್ಯಾರೆ ಯಾರ ಮುಂದೂ ಓದಬ್ಯಾಡ. ನನ್ನ ಮುಂದಷ್ಟೇ ಓದು. ಒಬ್ಬಾಕಿಗೇ ಹೇಳ್ಕೊಡ್ತೇನಿ."

"ನಿಮ್ಮ ಮುಂದ ಓದಾಕ ಬರ್ತದ್ರಿ. ಅಲ್ಲಿ ಕುಂತ್ರ ದಮ್ಮು ಕಟ್ಟಿದಂಗ ಆಗ್ತದ್ರಿ. ಅಕ್ಷರ ಎಲ್ಲಾ ಓಡ್ಯಾಡ್ತಾವ." ಬೆರಳಿಗೆ ಹತ್ತಿದ ಮಣ್ಣು ಉಜ್ಜಿಕೊಂಡಳು. "ತಂಗಿ ಇದ್ದಾಗ ಛಂದಿತ್ರಿ. ನಾ ಓದ್ತೇನಿ ಅಂತ ನನಗೂ ಅನಸ್ತಿತ್ತು."

ತಂಗಿಯನ್ನು ನೀರಿಗೆ ಕಳಿಸಿ ಅವಳ ದನಿ ನಿಲ್ಲಿಸಿದ ದಿನದಿಂದ ಅವಳಿಗೆ ಓದು ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತ ಬಂದಿತ್ತು. ಅದು ಗೊತ್ತಾಗದೆ ಕಲಿಸುವುದು ಹೇಗೆ? ಗೊತ್ತಾದ ಮೇಲೆ ಪೂರ್ತಿ ಕಲಿಸಬೇಕಿತ್ತು. ಪೂರ್ತಿ ಕಲಿಸುವಷ್ಟು ಹೊತ್ತನ್ನು ಅವಳಿಗೂ ಯಾರೂ ಕೊಡಲಿಲ್ಲ, ನಮಗೂ ಯಾರೂ ಕೊಡಲಿಲ್ಲ. ದೂರದಿಂದ ತಾಯಿ ಕೂಗಿದಳು. ಅವಳು ಮತ್ತೆ ಸಾಲಿಗೆ ಹೋದಳು, ಸೋಯಾದ ಸಾಲಿಗೆ.

ಆ ವರ್ಷ ಅವಳ ಹಾಗೆ ಬಿಟ್ಟವರು ಇನ್ನೂ ಕೆಲವರಿದ್ದರು. ಉಳಿದವರಲ್ಲಿ ಹೆಚ್ಚಿನವರು ಹತ್ತನೆಯವರೆಗೆ ಬಂದು ಅಲ್ಲಿ ನಿಂತರು. ಮಾಸ್ತರಿಗೆ ಭಾಲ್ಕಿ ಕಡೆಯ ಸಾಲಿಗೆ ವರ್ಗವಾಯಿತು. ಹೋಗುವ ದಿನ ಟೇಬಲ್ಲಿನ ಖಾನೆ ಖಾಲಿ ಮಾಡುತ್ತ, ಧೂಳು ಹಿಡಿದ ದಂಟಿನ ಕಟ್ಟುಗಳನ್ನು ತೆಗೆದು, ಇಡಬೇಕೋ ಬಿಸಾಕಬೇಕೋ ತಿಳಿಯದವರ ಹಾಗೆ ಹಿಡಿದುಕೊಂಡು ನಿಂತರು. ಅಡುಗೆಯವಳು ಒಲೆಗೆ ಬೇಕು ಅಂತ ಇಸಿದುಕೊಂಡಳು. ಕೆಲವು ವರ್ಷಗಳ ಮೇಲೆ ನನಗೂ ಬೀದರಿಗೆ ಹತ್ತಿರ, ಕಮಠಾಣದ ಕಡೆ ವರ್ಗವಾಯಿತು. ಅಲ್ಲಿಯೂ ಜೂನಿನಲ್ಲಿ ಎರಡನೇ ತರಗತಿಯ ಪುಸ್ತಕ ಹಿಡಿದು ಕೂಡುತ್ತೇನೆ. ಸೊಕ್ಕು ಮಾತ್ರ ಉಳಿದಿಲ್ಲ.

ಹೋದ ವರ್ಷ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮಧ್ಯಾಹ್ನದ ಬಿಸಿಲು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಸೆರಗು ಮುಂದಕ್ಕೆ ಎಳೆದುಕೊಂಡವಳು, ಎದುರಿಗೆ ಬಂದು ನಿಂತ ಬಸ್ಸನ್ನೇ ನೋಡುತ್ತಿದ್ದಳು. ನನ್ನ ಕಡೆ ಪೂರ್ತಿ ತಿರುಗದೆ ಕೇಳಿದಳು.

"ಅಕ್ಕಾರ, ಇದು ಭಾಲ್ಕಿಗಿ ಹೋಗ್ತದೇನ್ರಿ?"

ಬಸ್ಸಿನ ನೆತ್ತಿಯ ಮೇಲೆ ಭಾಲ್ಕಿ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ದನಿ ಕೇಳಿ ಮುಖ ನೋಡಿದೆ. ಅವಳೂ ನೋಡಿದಳು.

"ಅಯ್ಯ, ಟೀಚರ್!" ಅಂದಳು. ಬಗ್ಗಿ ಕಾಲು ಮುಟ್ಟಲು ಬಂದವಳನ್ನು ಹಿಡಿದು ನಿಲ್ಲಿಸಿದೆ.

ಮನೆಯವರೆಲ್ಲ ಊರು ಬಿಟ್ಟು ಬೀದರಿಗೇ ಬಂದಿದ್ದರಂತೆ. ಅವಳು ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತಂಗಿ ಭಾಲ್ಕಿಯಲ್ಲಿ ಕಾಲೇಜು ಓದುತ್ತಿದ್ದಳು. ಅವಳಿಗಾಗಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟಿದ್ದಳು.

"ಆಕಿ ಬರಲ್ಲೇನು ಇಲ್ಲಿಗಿ?"

"ಕಮ್ಮಿರಿ. ಓದೋದು ಭಾಳ ಇರ್ತದಂತ. ಅದಕ್ಕ ನಾನೇ ಹೋಗ್ತೇನಿ."

ನನಗೆ ತಡೆಯಲಾಗಲಿಲ್ಲ. "ಬಸ್ಸಿನ ಮ್ಯಾಲ ಬರದದ್ದು ಓದಾಕ ಆಗಲಿಲ್ಲೇನವ್ವ?" ಅಂತ ಕೇಳಿಬಿಟ್ಟೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಓದಿದೆರಿ," ಅಂದಳು. "ಭಾಲ್ಕಿ ಅಂತಾನೇ ಓದಿದೆ. ಆದ್ರ ನಾ ಓದಿದ್ದು ಖರೆ ಅದನೋ ಇಲ್ಲೋ ಅಂತ ಕೇಳ್ದೆ."

ಕಂಡಕ್ಟರ್ ಸೀಟಿ ಹೊಡೆದ. ನಮ್ಮ ಮನೆ ಎಲ್ಲಿ ಅಂತ ಅವಸರದಲ್ಲಿ ಹೇಳಿದೆ. ಭಾನುವಾರ ಮಧ್ಯಾಹ್ನ ಬಾ, ಕೂತು ಓದೋಣ, ಈಗ ಯಾರೂ ನಗುವವರಿಲ್ಲ ಅಂದೆ. "ಬರ್ತೇನ್ರಿ," ಅಂದಳು, ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದು ಅಂತ ಅನ್ನುವ ಹಾಗೆ. ರೊಟ್ಟಿಯ ಗಂಟು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದಳು.

ಆ ಭಾನುವಾರ ಬರಲಿಲ್ಲ, ಮುಂದಿನ ಭಾನುವಾರವೂ ಬರಲಿಲ್ಲ. ಯಾವ ಮಿಲ್ಲು ಅಂತ ಕೇಳಿಟ್ಟುಕೊಳ್ಳಲು ನನಗೆ ಹೊಳೆದಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಹೊರಟು ಒಂದೆರಡು ದಾಲ್ ಮಿಲ್ಲಿನಲ್ಲಿ ವಿಚಾರಿಸಿದೆ. ಎತ್ತರದ ಹುಡುಗಿ, ಔರಾದ ಕಡೆಯವಳು, ತಂದೆ ಹಮಾಲಿ ಅಂತ ಹೇಳಿದೆ. ಒಂದು ಮಿಲ್ಲಿನ ಮುನೀಮ ಲೆಕ್ಕ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಅಂಥಾಕಿ ಒಬ್ಬಾಕಿ ಇದ್ದಳ್ರಿ. ಸೀಜನ್ ಮುಗೀತು, ಹೆಣ್ಮಕ್ಕಳು ಎಲ್ಲಾರೂ ಹೋದ್ರು. ಎಲ್ಲಿಗಿ ಅಂತ ನಮಗ ಮಾಲೂಮಿಲ್ಲ."

ಹಿಂದೆ ಯಂತ್ರ ನಿಂತಿತ್ತು. ಖಾಲಿ ಅಂಗಳದಲ್ಲಿ ಒಬ್ಬಳು ಮುದುಕಿ ಬೇಳೆಯ ಹೊಟ್ಟು ಗುಡಿಸುತ್ತಿದ್ದಳು. ಅವಳನ್ನೂ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.